ಒಂಬತ್ತನೇ ಇನ್ನಿಂಗ್ಸ್‌ನ ಚೆಂಡು

ಚಿ. ಪುಟ್ಟನಿಗೆ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಈ ಸೀಸನ್‌ನಿಂದ ನಿಮ್ಮ ಬೇಸ್‌ಬಾಲ್ ತಂಡದಲ್ಲಿ ಕೋಚ್ ನಿನ್ನನ್ನು ಕ್ಲೋಸರ್, ಅಂದರೆ ಮುನ್ನಡೆ ಕಾಯಲು ಕೊನೆಯ ಇನ್ನಿಂಗ್ಸ್ ಎಸೆಯುವ ಪಿಚರ್, ಮಾಡಿದ್ದಾರೆಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಆಟ ಶುರುಮಾಡುವ ಸ್ಟಾರ್ಟರ್ ಜಾಗ ಹೋಯಿತೆಂದು ನೀನು ಮುಖ ಸಣ್ಣ ಮಾಡಿಕೊಂಡಿದ್ದೀಯಂತೆ. ಐದಾರು ಇನ್ನಿಂಗ್ಸ್ ಎಸೆಯುತ್ತಿದ್ದವನ ಕೈಗೆ ಒಂದೇ ಇನ್ನಿಂಗ್ಸ್ ಇಟ್ಟರೆ ಕೆಳಗಿಳಿಸಿದ ಹಾಗೆ ಅನ್ನಿಸುವುದು ಸಹಜವೇ. ಆದರೆ ಲೆಕ್ಕ ಹಾಕಿ ನೋಡು. ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಸ್ಟಾರ್ಟರ್ ಎರಡನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ ಬಿಟ್ಟುಕೊಟ್ಟರೂ ಅದನ್ನು ತೀರಿಸಲು ತಂಡಕ್ಕೆ ಇನ್ನೂ ಏಳೆಂಟು ಸರದಿ ಇರುತ್ತದೆ. ಒಂಬತ್ತನೆಯದರಲ್ಲಿ ನೀನು ಬಿಟ್ಟುಕೊಟ್ಟರೆ ನಿಮ್ಮ ಮೈದಾನದಲ್ಲಿ ಒಂದೇ ಸರದಿ ಉಳಿದಿರುತ್ತದೆ, ಎದುರಾಳಿಯ ಮೈದಾನದಲ್ಲಿ ಅವರೇ ಕೊನೆಗೆ ಬ್ಯಾಟ್ ಮಾಡುವುದರಿಂದ ಅದೂ ಇಲ್ಲ. ಅಲ್ಲಿ ಅವರ ಗೆಲುವಿನ ರನ್ ಪ್ಲೇಟ್ (ಬ್ಯಾಟರ್ ಮುಂದಿನ ಕೊನೆಯ ಬೇಸ್) ಮುಟ್ಟಿದ ಕೂಡಲೇ ಆಟ ಮುಗಿಯಿತು. ನಿನ್ನ ತಪ್ಪನ್ನು ತಿದ್ದಲು ನಿನ್ನ ಹಿಂದೆ ಯಾರೂ ಇಲ್ಲ. ಕ್ಲೋಸರ್ ಕೆಲಸದ ತೂಕವೆಲ್ಲ ಇಲ್ಲೇ ಇದೆ.

ಶಿವಮೊಗ್ಗದ ಅಜ್ಜಿ ನಿನ್ನ ಹೊಸ ಕೆಲಸ ಏನೆಂದು ಕೇಳಿದರೆ ಇಪ್ಪತ್ತನೇ ಓವರ್ ಎಸೆಯುವವನು ಅಂತ ಹೇಳು, ಅರ್ಥವಾಗುತ್ತದೆ. ಆದರೆ ನೀನು ಆ ಹೋಲಿಕೆಯನ್ನು ಪೂರ್ತಿ ನಂಬಬೇಡ. ಅಲ್ಲಿ ಆರು ಚೆಂಡು ಹಾಕಿದರೆ ಓವರ್ ತಾನಾಗಿ ಮುಗಿಯುತ್ತದೆ. ಇಲ್ಲಿ ಚೆಂಡಿನ ಲೆಕ್ಕ ನಿನ್ನನ್ನು ಕಾಪಾಡುವುದಿಲ್ಲ. ಮೂರು ಔಟ್ ತೆಗೆಯುವ ತನಕ ಇನ್ನಿಂಗ್ಸ್ ಮುಗಿಯುವುದೇ ಇಲ್ಲ.

ಇದು ಎರಡನೇ ದರ್ಜೆಯವರ ಕೆಲಸವೆಂದು ಯಾರಾದರೂ ಹೇಳಿದರೆ ಡೆನಿಸ್ ಎಕರ್ಸ್‌ಲಿಯನ್ನು ನೆನೆ. 1977ರಲ್ಲಿ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಆಟ) ಎಸೆದು, 1978ರಲ್ಲಿ ಸ್ಟಾರ್ಟರ್ ಆಗಿ 20 ಆಟ ಗೆದ್ದವನು, ಓಕ್‌ಲ್ಯಾಂಡ್ ತಂಡಕ್ಕೆ ಬಂದ ಮೇಲೆ ಮ್ಯಾನೇಜರ್ ಟೋನಿ ಲಾ ರುಸಾ ಕೈಯಲ್ಲಿ ಒಂದು ಇನ್ನಿಂಗ್ಸ್‌ನ ಕ್ಲೋಸರ್ ಆದ. ಇವತ್ತಿನ ಕ್ಲೋಸರ್‌ಗೆ ಈ ಅಚ್ಚು ಬಿದ್ದದ್ದು ಅಲ್ಲಿಯೇ. 1990ರಲ್ಲಿ ಎಪ್ಪತ್ತಮೂರು ಇನ್ನಿಂಗ್ಸ್ ದಾಟಿ ಎಸೆದರೂ ಅವನು ಕೊಟ್ಟ ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ನಾಲ್ಕೇ ನಾಲ್ಕು. ಸೇವ್‌ಗಳ (ಮುನ್ನಡೆ ಉಳಿಸಿ ಮುಗಿಸಿದ ಆಟಗಳ) ಸಂಖ್ಯೆಗಿಂತ ಈ ನಾಲ್ಕನ್ನೇ ನೀನು ಗೋಡೆಗೆ ಅಂಟಿಸಿಕೋ.

ಏಕೆಂದರೆ ಕ್ಲೋಸರ್‌ನನ್ನು ಮುಳುಗಿಸುವುದು ಹೆಚ್ಚಾಗಿ ಹೋಮ್ ರನ್ (ಬೇಲಿಯಾಚೆ ಹೋದ ಹೊಡೆತ) ಅಲ್ಲ, ಅದಕ್ಕೆ ಮುಂಚೆ ಕೊಟ್ಟ ಪುಕ್ಕಟೆ ಬೇಸ್. ಅದೇ ಎಕರ್ಸ್‌ಲಿಯ 1988ರ ವರ್ಲ್ಡ್ ಸೀರೀಸ್ (ಅಮೆರಿಕದ ಲೀಗ್‌ನ ಫೈನಲ್ ಸರಣಿ) ಮೊದಲ ಆಟ ತೆಗೆದುಕೋ. ಒಂಬತ್ತನೇ ಇನ್ನಿಂಗ್ಸ್, ಓಕ್‌ಲ್ಯಾಂಡ್ 4–3 ಮುಂದೆ, ಎರಡು ಔಟ್, ಬೇಸ್ ಖಾಲಿ. ಎದುರಾಳಿ ಬ್ಯಾಟರ್ ಮೈಕ್ ಡೇವಿಸ್‌ಗೆ ವಾಕ್ ಸಿಕ್ಕಿತು. ಆಮೇಲೆ ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಕುಂಟುತ್ತಾ ಬಂದು ಮೂರು ಬಾಲ್ (ಗುರಿ ತಪ್ಪಿದ ಎಸೆತ), ಎರಡು ಸ್ಟ್ರೈಕ್ (ಮೂರಾದರೆ ಔಟ್) ಇದ್ದಾಗ ಸ್ಲೈಡರನ್ನು, ಅಂದರೆ ಪಕ್ಕಕ್ಕೆ ಸರಿಯುವ ಎಸೆತವನ್ನು, ಬೇಲಿಯಾಚೆ ಕಳಿಸಿದ; ಡೇವಿಸ್‌ನದೂ ಸೇರಿ ಎರಡು ರನ್ ಬಂದು ಓಕ್‌ಲ್ಯಾಂಡ್ ಸೋತಿತು. ಜನ ಆ ಹೊಡೆತವನ್ನು ನೆನಪಿಟ್ಟಿದ್ದಾರೆ. ನೀನು ಆ ವಾಕ್ ನೆನಪಿಡು. ಡೇವಿಸ್ ಔಟಾಗಿದ್ದರೆ ಗಿಬ್ಸನ್ ಬ್ಯಾಟ್ ಹಿಡಿದು ನಿಲ್ಲುವ ಪ್ರಶ್ನೆಯೇ ಇರಲಿಲ್ಲ.

ಯಾಂಕೀಸ್ ತಂಡದ ಕ್ಲೋಸರ್ ಮರಿಯಾನೋ ರಿವೇರಾ 652 ಸೇವ್ ಮಾಡಿದವನು, 2019ರಲ್ಲಿ ಒಂದು ಮತವೂ ಬಿಡದೆ ಹಾಲ್ ಆಫ್ ಫೇಮ್‌ಗೆ ಹೋದ ಮೊದಲಿಗ. ಅವನ ಕೈಯಿಂದ ಮುನ್ನಡೆ ಜಾರಿದ ಆಟಗಳಲ್ಲೂ ಇದೇ ಕಾಣುತ್ತದೆ. 2004ರಲ್ಲಿ ಬೋಸ್ಟನ್ ಎದುರಿನ ಪ್ಲೇಆಫ್ ಸರಣಿಯ ನಾಲ್ಕನೇ ಆಟ, ಯಾಂಕೀಸ್ 4–3 ಮುಂದೆ. ಒಂಬತ್ತನೆಯದರ ಮೊದಲ ಬ್ಯಾಟರ್ ಕೆವಿನ್ ಮಿಲಾರ್‌ಗೆ ವಾಕ್. ಅವನ ಬದಲು ಓಡಲು ಬಂದ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯುವ ಮೊದಲೇ ಓಡಿ ಮುಟ್ಟಿದ. ಬಿಲ್ ಮುಲ್ಲರ್‌ನ ಸಿಂಗಲ್‌ಗೆ ಆಟ ಸಮವಾಯಿತು. 2001ರ ವರ್ಲ್ಡ್ ಸೀರೀಸ್‌ನ ಏಳನೇ ಆಟದಲ್ಲಿ ಬಂಟ್ ಆದ (ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿದ) ಚೆಂಡನ್ನು ರಿವೇರಾನೇ ಎತ್ತಿ ಎರಡನೇ ಬೇಸ್‌ಗೆ ಎಸೆದ, ಅದು ಸೆಂಟರ್ ಫೀಲ್ಡ್‌ಗೆ ಹೋಯಿತು. ಒಂದು ಔಟ್ ಸಿಗಬೇಕಾದಲ್ಲಿ ಇಬ್ಬರು ಬೇಸ್ ಮೇಲೆ ನಿಂತರು. ಆಮೇಲೆ ಒಬ್ಬನ ಮೈಗೆ ಚೆಂಡು ತಾಗಿ ಮತ್ತೊಂದು ಬೇಸ್ ಹೋಯಿತು. ಕೊನೆಗೆ ಲೂಯಿಸ್ ಗೊನ್ಸಾಲೆಸ್ ಹೊಡೆದದ್ದು ಇನ್‌ಫೀಲ್ಡ್ ತಲೆ ಮೇಲಿಂದ ದಾಟಿ ಬಿದ್ದ ಮೆತ್ತನೆಯ ಹೊಡೆತ. ಅಂಥ ಹೊಡೆತ ಯಾರಿಗೂ ಬೀಳಬಹುದು, ಅದನ್ನು ತಡೆಯುವುದು ನಿನ್ನ ಕೈಲಿಲ್ಲ. ಅದು ಬಿದ್ದಾಗ ಮೂರನೇ ಬೇಸ್ ಮೇಲೆ ಯಾರಿರಬೇಕು ಅನ್ನುವುದು ಬಹುಪಾಲು ನಿನ್ನ ಕೈಲಿದೆ.

ಹಾಗಾಗಿ ಅಭ್ಯಾಸ ಮೊದಲ ಸ್ಟ್ರೈಕ್‌ನಿಂದ ಶುರುವಾಗಲಿ. ಸ್ಟಾರ್ಟರ್ ಒಬ್ಬನೇ ಬ್ಯಾಟರನ್ನು ಮೂರು ಸಲ ಎದುರಿಸಬೇಕು, ಅವನಿಗೆ ಮೂರು ನಾಲ್ಕು ಬಗೆಯ ಎಸೆತ ಬೇಕು. ನಿನ್ನನ್ನು ಅವರು ನೋಡುವುದು ಒಂದೇ ಸಲ. ಫಾಸ್ಟ್‌ಬಾಲ್ ಮತ್ತು ಸ್ಲೈಡರ್ ಎರಡೇ ಸಾಕು, ಕರ್ವ್‌ಬಾಲ್ ಕೈಬಿಡು. ಆದರೆ ಆ ಎರಡನ್ನೂ ಮೊದಲ ಚೆಂಡಿಗೇ ಸ್ಟ್ರೈಕ್ ಹಾಕಲು ಬರಬೇಕು. ಸ್ಲೈಡರ್‌ಗೆ ಎರಡು ಗುರಿ ಇಟ್ಟುಕೋ: ಪ್ಲೇಟ್ ಮೇಲೆ ಬೀಳುವುದು ಒಂದು, ಎರಡು ಸ್ಟ್ರೈಕ್ ಆದ ಮೇಲೆ ಮಣ್ಣಿಗೆ ಬೀಳುವುದು ಇನ್ನೊಂದು. ಬರೀ ಎರಡನೆಯದು ಬಂದರೆ ಜಾಣ ಬ್ಯಾಟರ್ ಬ್ಯಾಟ್ ಬೀಸದೆ ನಿಲ್ಲುತ್ತಾನೆ, ಮೂರು ಬಾಲ್ ಆಗುತ್ತದೆ, ಆಮೇಲೆ ನಿನ್ನ ಫಾಸ್ಟ್‌ಬಾಲ್ ಎಲ್ಲಿಗೆ ಬರುತ್ತದೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ. ವಾರಕ್ಕೊಮ್ಮೆ ಕ್ಯಾಚರ್‌ನನ್ನು ಕೂರಿಸಿ ಹದಿನೈದು ಸ್ಲೈಡರ್ ಬೇಕೆಂದೇ ಮಣ್ಣಿಗೆ ಹಾಕು. ಮೂರನೇ ಬೇಸ್ ಮೇಲೆ ಓಟಗಾರನಿದ್ದಾಗ ಅವನು ಅದನ್ನು ಎದೆಯಲ್ಲಿ ತಡೆಯುತ್ತಾನೆಂಬ ನಂಬಿಕೆ ನಿನಗಿಲ್ಲದಿದ್ದರೆ ಚೆಂಡನ್ನು ಎತ್ತರದಲ್ಲೇ ಬಿಡುತ್ತೀಯೆ, ಹೊಡೆತ ತಿನ್ನುತ್ತೀಯೆ.

ಜೋರಾಗಿ ಎಸೆಯುವ ಹುಡುಗರು ಕಡೆಗಣಿಸುವುದು ಓಟಗಾರನನ್ನು. ನಿನ್ನ ಕಾಲು ಏಳುವುದರಿಂದ ಚೆಂಡು ಕ್ಯಾಚರ್ ಕೈ ಸೇರುವವರೆಗೆ 1.3 ಸೆಕೆಂಡ್ ಮೀರಬಾರದು. ಒಳ್ಳೆಯ ಕ್ಯಾಚರ್ ಎರಡನೇ ಬೇಸ್‌ಗೆ ಮುಟ್ಟಿಸಲು ಸುಮಾರು 2 ಸೆಕೆಂಡ್ ತೆಗೆದುಕೊಳ್ಳುತ್ತಾನೆ. ಒಟ್ಟು 3.3. ವೇಗದ ಓಟಗಾರನಿಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ನೀನು 1.6 ತೆಗೆದುಕೊಂಡರೆ ಕ್ಯಾಚರ್ ಎಷ್ಟೇ ಗಟ್ಟಿಗನಾಗಿದ್ದರೂ ಸಿಂಗಲ್ ಅನ್ನುವುದು ಡಬಲ್ ಆಯಿತು. ಗೆಳೆಯನ ಕೈಲಿ ಸ್ಟಾಪ್‌ವಾಚ್ ಕೊಟ್ಟು ಅಳೆಸು. ಸದಾ ಒಂದೇ ತಾಳದಲ್ಲಿ ಎಸೆಯಬೇಡ. ಒಮ್ಮೆ ಬೇಗ ಬಿಡು, ಒಮ್ಮೆ ಓಟಗಾರನ ಕಾಲು ಮರಗಟ್ಟುವ ತನಕ ಚೆಂಡು ಹಿಡಿದು ನಿಲ್ಲು. ಬಂಟ್ ಬಂದರೆ ಯಾವ ಬೇಸ್‌ಗೆ ಎಸೆಯಬೇಕೆಂದು ಕ್ಯಾಚರ್ ಕೂಗುತ್ತಾನೆ, ಇಡೀ ಮೈದಾನ ಅವನ ಕಣ್ಣೆದುರಿಗಿದೆ. ಅವನು ಒಂದನೇ ಬೇಸ್ ಅಂದರೆ ಒಂದನೆಯದೇ. ಖಚಿತವಾದ ಔಟ್ ಬಿಟ್ಟು ಮುಂದಿನ ಬೇಸ್‌ನ ಆಸೆಗೆ ಬೀಳಬೇಡ.

ಇನ್ನು ಮುನ್ನಡೆಯ ಲೆಕ್ಕ. ಮೂರು ರನ್ ಮುಂದಿದ್ದಾಗ ಬೇಸ್ ಖಾಲಿಯಿದ್ದರೆ ಪ್ಲೇಟ್ ಮಧ್ಯಕ್ಕೇ ಧೈರ್ಯವಾಗಿ ಹಾಕು. ಒಂದು ಹೋಮ್ ರನ್ ಆದರೂ ನೀನು ಎರಡು ರನ್ ಮುಂದೆಯೇ ಇರುತ್ತೀಯೆ. ಒಂದೇ ರನ್ ಮುಂದಿದ್ದಾಗ ಪ್ಲೇಟ್‌ನ ಅಂಚು ಬೇಕು, ಆದರೂ ಮೊದಲ ಬ್ಯಾಟರ್‌ಗೆ ವಾಕ್ ಕೊಡುವಷ್ಟು ನಾಜೂಕು ಬೇಡ.

ಇಲ್ಲೇ ಸೇವ್ ಅನ್ನುವ ಅಂಕಿಯ ಬಗ್ಗೆ ಹೇಳಬೇಕು. ಜೆರೋಮ್ ಹೋಲ್ಟ್ಸ್‌ಮನ್ ಎಂಬ ಷಿಕಾಗೋ ಪತ್ರಕರ್ತ ಹುಟ್ಟುಹಾಕಿದ ಈ ಲೆಕ್ಕ 1969ರಲ್ಲಿ ಅಧಿಕೃತವಾಯಿತು. ಮೂರು ರನ್ ಮುನ್ನಡೆಯಲ್ಲಿ ಬಂದು ಒಂದು ಇನ್ನಿಂಗ್ಸ್ ಮುಗಿಸಿದರೂ ಒಂದು ಸೇವ್, ಒಂದು ರನ್ ಮುನ್ನಡೆಯಲ್ಲಿ ಬೇಸ್ ತುಂಬಿರುವಾಗ ಬಂದು ಮುಗಿಸಿದರೂ ಒಂದೇ ಸೇವ್. ಎರಡೂ ಸಮವಲ್ಲವೆಂದು ನಿನಗೇ ಗೊತ್ತು. ಈ ಅಂಕಿಯ ಬೆನ್ನುಹತ್ತಿ ದೊಡ್ಡ ತಂಡಗಳೇ ಕೆಟ್ಟಿವೆ. 2016ರಲ್ಲಿ ಬಾಲ್ಟಿಮೋರ್‌ನ ಕ್ಲೋಸರ್ ಜ್ಯಾಕ್ ಬ್ರಿಟನ್‌ಗೆ 47 ಸೇವ್ ಅವಕಾಶ ಸಿಕ್ಕಿತ್ತು, 47ನ್ನೂ ಉಳಿಸಿದ್ದ. ಟೊರಾಂಟೊದಲ್ಲಿ ಸೋತರೆ ಮನೆಗೆ ಹೋಗಬೇಕಾದ ಆಟ ಸೇವ್ ಸಿಗದ 2–2ರಲ್ಲಿ ನಿಂತಾಗ ಮ್ಯಾನೇಜರ್ ಅವನನ್ನು ಬುಲ್‌ಪೆನ್‌ನಿಂದ (ಪಿಚರ್‌ಗಳು ಕೈ ಬಿಸಿ ಮಾಡಿಕೊಂಡು ಕಾಯುವ ಜಾಗ) ಕರೆಯಲೇ ಇಲ್ಲ. ಹನ್ನೊಂದನೆಯದರಲ್ಲಿ ಎಡ್ವಿನ್ ಎನ್ಕಾರ್ನಾಸಿಯೊನ್ ಬೇರೊಬ್ಬ ಪಿಚರ್‌ಗೆ ಮೂರು ರನ್‌ಗಳ ಹೋಮ್ ರನ್ ಹೊಡೆದು ಆಟ ಮುಗಿಸಿದ. ಅತ್ಯುತ್ತಮ ಕೈ ಒಂದು ಚೆಂಡನ್ನೂ ಎಸೆಯದೆ ಉಳಿಯಿತು. ಹಾಗಾಗಿ ನಿನ್ನ ಕೋಚ್ ಎಂಟನೆಯದರಲ್ಲೇ ಅವರ ಬಲವಾದ ಬ್ಯಾಟರ್‌ಗಳು ಬರುವಾಗ ಕರೆದರೆ, ಅಥವಾ ಆಟ ಸಮ ಇದ್ದಾಗ ಕರೆದರೆ, ಇದು ನನ್ನ ಇನ್ನಿಂಗ್ಸ್ ಅಲ್ಲ ಅನ್ನಬೇಡ. "ಎಂಟನೆಯದಾದರೂ ಸರಿ, ಕರೆಯಿರಿ" ಎಂದು ನೀನೇ ಮೊದಲು ಅವರಿಗೆ ಹೇಳಿಡು.

ಕೈಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ, ಕಿವಿಗೊಟ್ಟು ಕೇಳು. ಐದನೇ ಇನ್ನಿಂಗ್ಸ್ ತನಕ ಆರಾಮಾಗಿ ಕೂತು ಬ್ಯಾಟರ್‌ಗಳನ್ನು ನೋಡು. ಆರರಲ್ಲಿ ಎದ್ದು ನಡೆ, ಸೊಂಟ ಭುಜ ಸಡಿಲಿಸು, ರಬ್ಬರ್ ಪಟ್ಟಿಯ ಕಸರತ್ತು ಮಾಡು. ಏಳರ ಕೊನೆಗೆ ಹಗುರವಾಗಿ ಹತ್ತು ಎಸೆತ. ಕೋಚ್ ಕೈ ಎತ್ತಿದ ಮೇಲೆ ಹದಿನೈದರಿಂದ ಇಪ್ಪತ್ತು. ಕೊನೆಯ ಐದು ಮಾತ್ರ ಪೂರ್ತಿ ಬಲದಲ್ಲಿ. ಬುಲ್‌ಪೆನ್‌ನಲ್ಲೇ ನಲವತ್ತು ಎಸೆದು ಮೌಂಡ್ (ಪಿಚರ್ ನಿಲ್ಲುವ ದಿಬ್ಬ) ಹತ್ತುವವರಿದ್ದಾರೆ, ಅವರ ಒಳ್ಳೆಯ ಸ್ಲೈಡರ್ ಅಲ್ಲೇ ಖರ್ಚಾಗಿರುತ್ತದೆ. ಕೈ ಬಿಸಿ ಮಾಡಿಕೊಂಡು ಆಟಕ್ಕೆ ಇಳಿಯದೆ ಕೂತ ದಿನವೂ ಕೈಗೆ ಕೆಲಸದ ದಿನವೇ. ಅದನ್ನೂ ಪುಸ್ತಕದಲ್ಲಿ ಬರೆದು ಕೋಚ್‌ಗೆ ತೋರಿಸು, ಏಕೆಂದರೆ ಸ್ಕೋರ್ ಹಾಳೆಯಲ್ಲಿ ಅದು ಕಾಣುವುದಿಲ್ಲ. ಶುಕ್ರವಾರ ಮೂವತ್ತು ಚೆಂಡು ಮೀರಿದ್ದರೆ ಶನಿವಾರ ಬೇಡ, ಭಾನುವಾರಕ್ಕೆ ಉಳಿಸಿಕೋ. ಮೂರು ದಿನ ಸತತವಾಗಿ ಎಸೆಯಬೇಡ, ಯಾರು ಕೇಳಿದರೂ. ಮೊಣಕೈಯ ಒಳಬದಿ ನೋವು, ಕಿರುಬೆರಳಲ್ಲಿ ಜೋಮು, ಕಾರಣವಿಲ್ಲದೆ ವೇಗ ಇಳಿಯುವುದು, ಈ ಮೂರರಲ್ಲಿ ಒಂದು ಬಂದರೂ ಅದೇ ದಿನ ಟ್ರೇನರ್ ಹತ್ತಿರ ಹೋಗು. ಟಾಮಿ ಜಾನ್ ಸರ್ಜರಿಯಾದರೆ (ಮೊಣಕೈಯ ಹರಿದ ಅಸ್ಥಿರಜ್ಜು ಸರಿಪಡಿಸುವ ಶಸ್ತ್ರಚಿಕಿತ್ಸೆ) ಮತ್ತೆ ಮೌಂಡ್ ಹತ್ತಲು ಒಂದು ವರ್ಷದ ಮೇಲೆಯೇ ಬೇಕು.

ಗೆಲುವು ಕೈಜಾರುವ ದಿನ ಬಂದೇ ಬರುತ್ತದೆ. ರಿವೇರಾ ನಾನು ಮೇಲೆ ಹೇಳಿದ ಎರಡು ವರ್ಷಗಳಲ್ಲಿ 50 ಮತ್ತು 53 ಸೇವ್ ಮಾಡಿದ್ದ. ಅಂಥ ವರ್ಷಗಳಲ್ಲೂ ಅದು ಬಂತು. ಆ ರಾತ್ರಿ ವಿಡಿಯೊ ನೋಡಬೇಡ, ಊಟ ಮಾಡಿ ಮಲಗು. ಬೆಳಿಗ್ಗೆ ಒಂದೊಂದು ಎಸೆತಕ್ಕೂ ಮೂರು ಮಾತು ಬರೆ: ಎಲ್ಲಿಗೆ ಎಸೆಯಬೇಕೆಂದಿದ್ದೆ, ಎಲ್ಲಿಗೆ ಹೋಯಿತು, ಏನಾಯಿತು. ಗುರಿಗೆ ಹೋದ ಚೆಂಡನ್ನು ಅವನು ಹೊಡೆದಿದ್ದರೆ ಏನನ್ನೂ ಬದಲಿಸಬೇಡ. ಗುರಿ ತಪ್ಪಿದ್ದರೆ ಯಾವ ಕಡೆಗೆ ತಪ್ಪಿದೆ ನೋಡು. ಎಸೆತಗಳೆಲ್ಲ ಮೇಲಕ್ಕೇ ಹೋಗಿದ್ದರೆ ನೀನು ಆತುರಪಟ್ಟಿದ್ದೀಯೆ, ಮೈ ಮುಂದೆ ಹೋಗಿ ಕೈ ಹಿಂದುಳಿದಿದೆ.

ಶುಕ್ರವಾರದ ಆಟಕ್ಕೆ ಮುಂಚೆ ಕ್ಯಾಚರ್ ಜೊತೆ ಹತ್ತು ನಿಮಿಷ ಕೂತು, ಎರಡನೇ ಬೇಸ್ ಮೇಲೆ ಓಟಗಾರ ನಿಂತಾಗ ಯಾವ ಸನ್ನೆ ಬಳಸುವುದೆಂದು ಗೊತ್ತುಮಾಡಿಕೋ. ಬುಲ್‌ಪೆನ್‌ನಲ್ಲಿ ಚಳಿಯಿರುತ್ತದೆ, ಜಾಕೆಟ್ ಜೇಬಿನಲ್ಲಿ ಕೈ ಬೆಚ್ಚಗಿಡುವ ಪೊಟ್ಟಣ ಇಟ್ಟುಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಪ್ಪ