ಬೋಮಾಂಟ್ ಗೊತ್ತು, ಸೇಂಟ್ ಮಾರ್ಟಿನ್ ಗೊತ್ತಾ?

ಎಲ್ಲರಿಗೂ ನಮಸ್ಕಾರ.

ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮಗೆಲ್ಲ ಬೋಮಾಂಟ್ ಅಂದರೆ ಆಸ್ಪತ್ರೆ. ಅಲ್ಲಿ ಹೆರಿಗೆಯಾದವರು, ಅಲ್ಲೇ ಕೆಲಸ ಮಾಡಿದವರು ನಮ್ಮ ಕೂಟದಲ್ಲಿ ಬಹಳ ಜನ ಇದ್ದೀರಿ. ಆ ಹೆಸರಿನ ಮನುಷ್ಯ ಯಾರು, ಯಾರ ಹೊಟ್ಟೆಯಿಂದಾಗಿ ಅವನು ಹೆಸರುವಾಸಿಯಾದ ಅನ್ನುವುದನ್ನು ಈ ಸಲ ಬರೆಯೋಣ ಅನ್ನಿಸಿತು. ಬೇಸಿಗೆ ರಜೆ ಬಂತಲ್ಲ, ನಿಮ್ಮಲ್ಲಿ ಅನೇಕರು ಮ್ಯಾಕಿನಾ ದ್ವೀಪಕ್ಕೆ ಹೊರಡುತ್ತೀರಿ. ಕಥೆ ಶುರುವಾಗಿದ್ದು ಅಲ್ಲೇ.

1822ರಲ್ಲಿ ಮಿಷಿಗನ್ ಇನ್ನೂ ರಾಜ್ಯವೇ ಆಗಿರಲಿಲ್ಲ. ದ್ವೀಪದ ಗುಡ್ಡದ ಮೇಲೆ ಸೈನ್ಯದ ಕೋಟೆ, ಕೆಳಗೆ ತುಪ್ಪಳದ ವ್ಯಾಪಾರಿಗಳ ಊರು. ಚಳಿಗಾಲವಿಡೀ ಕಾಡಿನಲ್ಲಿ ಹಿಡಿದ ಬೀವರ್ ಮುಂತಾದ ಪ್ರಾಣಿಗಳ ಚರ್ಮವನ್ನು ಬೇಸಿಗೆಯಲ್ಲಿ ದೋಣಿ ತುಂಬ ಹೇರಿಕೊಂಡು ಕೂಲಿಯವರು ಇಲ್ಲಿಗೆ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕೆನಡಾದ ಫ್ರೆಂಚ್ ಮಾತಾಡುವ ಬಡವರು, ದೋಣಿ ಹುಟ್ಟು ಹಾಕುವುದೇ ಅವರ ಕಸುಬು. ಕೋಟೆಯ ವೈದ್ಯ ವಿಲಿಯಂ ಬೋಮಾಂಟ್‌ಗೆ ಆಗ 36 ವರ್ಷ. ಕಾಲೇಜಿನಲ್ಲಿ ಓದಿದವನಲ್ಲ, ವರ್ಮಾಂಟ್‌ನ ಒಬ್ಬ ವೈದ್ಯನ ಕೈಕೆಳಗೆ ಇದ್ದು ಕಲಿತವನು. ಬ್ರಿಟನ್ ಜೊತೆ ನಡೆದ 1812ರ ಯುದ್ಧದಲ್ಲಿ ಗಾಯಾಳುಗಳ ಕೈಕಾಲು ಕತ್ತರಿಸಿ ಕೈ ಪಳಗಿತ್ತು. ಅರಿವಳಿಕೆ ಇಲ್ಲದ ಕಾಲ ಅದು. ರೋಗಾಣುವಿನಿಂದ ಕಾಯಿಲೆ ಬರುತ್ತದೆ ಅನ್ನುವುದು ಇನ್ನೂ ಸಾಬೀತಾಗಿರಲಿಲ್ಲ.

ಆ ವರ್ಷ ಜೂನ್ 6ರಂದು ಅಮೆರಿಕನ್ ಫರ್ ಕಂಪನಿಯ ಅಂಗಡಿಯಲ್ಲಿ ಯಾರದೋ ಬಂದೂಕು ಅಚಾನಕ್ಕಾಗಿ ಸಿಡಿಯಿತು. ಬಾತುಕೋಳಿ ಹೊಡೆಯುವ ಚರೆ ತುಂಬಿದ ಬಂದೂಕು. ಎದುರಿಗೆ ಒಂದು ಗಜದೊಳಗೆ ನಿಂತಿದ್ದವನು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕ. ಎಡಪಕ್ಕೆ ಒಡೆದು ಶ್ವಾಸಕೋಶದ ತುಂಡು, ಜಠರದ ತುಂಡು ಹೊರಗೆ ಬಂದಿದ್ದವು, ಬೆಳಿಗ್ಗೆ ತಿಂದದ್ದು ಗಾಯದಿಂದ ಸುರಿಯುತ್ತಿತ್ತು. ಇವನು ಉಳಿಯುವುದಿಲ್ಲ ಅಂತಲೇ ಬೋಮಾಂಟ್ ಅಂದುಕೊಂಡ. ಆದರೂ ಬಿಡಲಿಲ್ಲ. ತಿಂಗಳುಗಟ್ಟಲೆ ಗಾಯ ತೊಳೆದ, ಪಟ್ಟಿ ಕಟ್ಟಿದ, ಸತ್ತ ಎಲುಬಿನ ಚೂರು ತೆಗೆದ. ಮರುವರ್ಷ ಊರಿನವರು ಈ ಬಡವನ ಖರ್ಚು ನಮ್ಮಿಂದ ಆಗದು, ತೆರೆದ ದೋಣಿಯಲ್ಲಿ ಕೆನಡಾಕ್ಕೆ ವಾಪಸ್ ಕಳಿಸುತ್ತೇವೆ ಅಂದಾಗ ಬೋಮಾಂಟ್ ತನ್ನ ಮನೆಗೇ ಕರೆದುಕೊಂಡು ಹೋದ. ಇದನ್ನು ಮರೆಯಬಾರದು. ಆ ದಾರಿಯಲ್ಲಿ ಅವನು ಖಂಡಿತ ಸಾಯುತ್ತಿದ್ದ.

ಗಾಯ ಮಾಯಿತು, ಆದರೆ ತೂತು ಮುಚ್ಚಲಿಲ್ಲ. ಜಠರದ ಅಂಚು ಪಕ್ಕೆಯ ಚರ್ಮಕ್ಕೇ ಅಂಟಿಕೊಂಡು ಹೊರಗಿನಿಂದ ಒಳಕ್ಕೆ ಒಂದು ಕಿಂಡಿ ಹಾಗೇ ಉಳಿಯಿತು. ತಿಂದ ಅನ್ನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ. ಅರೆಯುತ್ತದೆ ಅನ್ನುವವರಿದ್ದರು, ಕೊಳೆಯುತ್ತದೆ ಅನ್ನುವವರಿದ್ದರು, ಯಾವುದೋ ರಸದಲ್ಲಿ ಕರಗುತ್ತದೆ ಅನ್ನುವವರೂ ಇದ್ದರು. ಬೋಮಾಂಟ್‌ಗೆ ನೋಡಲು ಕಿಂಡಿಯೇ ಸಿಕ್ಕಿತ್ತು!

1825ರ ಆಗಸ್ಟ್ 1ರಂದು, ಮಧ್ಯಾಹ್ನ 12 ಗಂಟೆಗೆ, ರೇಷ್ಮೆ ದಾರಕ್ಕೆ ಕಟ್ಟಿದ ದನದ ಮಾಂಸ, ಹಂದಿ ಕೊಬ್ಬು, ಹಳೇ ಬ್ರೆಡ್ಡು, ಹಸಿ ಎಲೆಕೋಸು ಎಲ್ಲವನ್ನೂ ಆ ತೂತಿನಿಂದ ಒಳಗೆ ಇಳಿಬಿಟ್ಟು ಅವನನ್ನು ಮನೆಗೆಲಸಕ್ಕೆ ಕಳಿಸಿದ. ಒಂದು ಗಂಟೆಗೆ ಎಳೆದು ನೋಡಿದರೆ ಎಲೆಕೋಸು, ಬ್ರೆಡ್ಡು ಅರ್ಧ ಕರಗಿವೆ, ಮಾಂಸ ಹಾಗೇ ಇದೆ. ಮತ್ತೆ ಒಳಗೆ, ಮತ್ತೆ ಹೊರಗೆ. ಸಂಜೆ ಹೊತ್ತಿಗೆ ಸೇಂಟ್ ಮಾರ್ಟಿನ್ ಹೊಟ್ಟೆ ಸಂಕಟ, ಸುಸ್ತು, ತಲೆನೋವು ಅಂದ. ಮುಂದೆ ಅದಕ್ಕೆ ಮದ್ದು ಹಾಕಿದ್ದೂ ಆ ತೂತಿನಿಂದಲೇ, ಪಾದರಸದ ಮಾತ್ರೆಗಳು. ಇದನ್ನು ಓದಿದ ಮೇಲೆ ನನಗೆ ಆ ವೈದ್ಯನನ್ನು ಸುಮ್ನೆ ಹೊಗಳಲು ಆಗುತ್ತಿಲ್ಲ.

ಆ ವರ್ಷವೇ ಸೇಂಟ್ ಮಾರ್ಟಿನ್ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ಮದುವೆಯಾದ, ಮಕ್ಕಳಾದರು. 1829ರಲ್ಲಿ ಬೋಮಾಂಟ್ ಕರೆಸಿಕೊಂಡಾಗ ಸಂಸಾರ ಸಮೇತ ಮಿಸಿಸಿಪ್ಪಿ ದಡದ ಫೋರ್ಟ್ ಕ್ರಾಫರ್ಡ್‌ಗೆ ಬಂದ. ಅಲ್ಲಿ ಒಂದು ಕಡೆ ಆಳಿನ ಕೆಲಸ, ಇನ್ನೊಂದು ಕಡೆ ಪ್ರಯೋಗ. 1831ರಲ್ಲಿ ಹೆಂಡತಿ ಮಕ್ಕಳನ್ನು ತೆರೆದ ದೋಣಿಯಲ್ಲಿ ಕೂರಿಸಿಕೊಂಡು ಮಿಸಿಸಿಪ್ಪಿ, ಒಹಾಯೋ ನದಿಗಳಲ್ಲಿ ಸಾಗಿ, ಈರಿ, ಒಂಟಾರಿಯೋ ಸರೋವರಗಳನ್ನು ದಾಟಿ ಮಾಂಟ್ರಿಯಲ್ ಕಡೆಗೆ ವಾಪಸ್ ಹೋದ. ಹೊಟ್ಟೆಯಲ್ಲಿ ತೂತು ಇಟ್ಟುಕೊಂಡು! ನಾವೆಲ್ಲ ಕಾರಿನಲ್ಲಿ ಶಿಕಾಗೋಗೆ ಹೋಗಿ ಬಂದರೂ ಸುಸ್ತು ಅನ್ನುತ್ತೇವೆ, ಅಲ್ವಾ?

1832ರಲ್ಲಿ ಕರಾರು ಆಯಿತು. ಒಂದು ವರ್ಷಕ್ಕೆ 150 ಡಾಲರ್, ಊಟ, ಬಟ್ಟೆ, ಇರಲು ಜಾಗ. ಬದಲಿಗೆ ವೈದ್ಯ ಕರೆದಲ್ಲಿಗೆ ಹೋಗಬೇಕು, ಪ್ರಯೋಗಕ್ಕೆ ಮೈ ಒಡ್ಡಬೇಕು. ಓದು ಬರಹ ಬಾರದ ಅವನು ಸಹಿಯ ಜಾಗದಲ್ಲಿ ಒಂದು ಗುರುತು ಹಾಕಿದ. ಮುಂದೆ ಸೈನ್ಯದ ಪಟ್ಟಿಯಲ್ಲಿ ಸಾರ್ಜೆಂಟ್ ಅಂತ ಸೇರಿಸಿ ಸಂಬಳ ಕೊಡುವ ಏರ್ಪಾಡೂ ಆಯಿತು.

1833ರಲ್ಲಿ ಬೋಮಾಂಟ್‌ನ ಪುಸ್ತಕ ಬಂತು. ಒಟ್ಟು 238 ಪ್ರಯೋಗ. ಹೊಟ್ಟೆಯ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಆ ರಸವನ್ನು ಸೀಸೆಯಲ್ಲಿ ಹಾಕಿ ಮೈಬಿಸಿಯಷ್ಟು ಕಾವು ಕೊಟ್ಟರೆ ಹೊರಗೂ ಮಾಂಸ ಕರಗುತ್ತದೆ, ಸಿಟ್ಟು ಬಂದರೆ ಜೀರ್ಣಕ್ಕೆ ಅಡ್ಡಿಯಾಗುತ್ತದೆ ಅಂತ ತೋರಿಸಿದ. ಯಾವ ಪದಾರ್ಥ ಎಷ್ಟು ಹೊತ್ತಿಗೆ ಕರಗುತ್ತದೆ ಅನ್ನುವ ಪಟ್ಟಿಯೂ ಇದೆ. ಬೇಯಿಸಿದ ಅಕ್ಕಿಗೆ 1 ಗಂಟೆ, ಸುಟ್ಟ ಹಂದಿ ಮಾಂಸಕ್ಕೆ 5 ಗಂಟೆ 15 ನಿಮಿಷ. ಅನ್ನ ತಿನ್ನುವ ನಮಗೆ ಈ ಪಟ್ಟಿ ಓದಲು ಖುಷಿ. ಕೈಯಲ್ಲಿ ಒಂದು ಥರ್ಮಾಮೀಟರ್, ಒಂದಿಷ್ಟು ಸೀಸೆ, ಊರಾಚೆಯ ಕೋಟೆ, ಹತ್ತಿರದಲ್ಲಿ ಪ್ರಯೋಗಾಲಯವಿಲ್ಲ. ಅಷ್ಟರಲ್ಲಿ ಇಷ್ಟು ಮಾಡಿದ್ದು ನಿಜಕ್ಕೂ ದೊಡ್ಡದು. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ 238 ಸಲವೂ ಆ ಹೊಟ್ಟೆ ಇನ್ನೊಬ್ಬನದು. ಜೀವ ಉಳಿಸಿದ ಋಣ ಒಂದು ಕಡೆ, ಬಡತನ ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿದವನು ಒಪ್ಪಿಕೊಂಡೆ ಅಂದರೆ ಅದು ಎಷ್ಟರ ಮಟ್ಟಿಗೆ ಒಪ್ಪಿಗೆ? 1834ರ ನಂತರ ಅವನು ಬರಲೇ ಇಲ್ಲ. ಬೋಮಾಂಟ್ ಎಷ್ಟೋ ವರ್ಷ ಕಾಗದ ಬರೆದ, ದುಡ್ಡಿನ ಆಸೆ ತೋರಿಸಿದ. 1853ರಲ್ಲಿ ಸೇಂಟ್ ಲೂಯಿಸ್‌ನಲ್ಲಿ, ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದ ಪೆಟ್ಟಿನಿಂದ ತೀರಿಕೊಂಡ. ಉಳಿಯುವುದಿಲ್ಲ ಅನ್ನಿಸಿಕೊಂಡಿದ್ದ ಸೇಂಟ್ ಮಾರ್ಟಿನ್ ಅವನು ಸತ್ತ ಮೇಲೂ 27 ವರ್ಷ ಬದುಕಿದ. 1880ರಲ್ಲಿ ಕ್ವಿಬೆಕ್‌ನಲ್ಲಿ ಅವನು ಸತ್ತಾಗ ದೊಡ್ಡ ವೈದ್ಯ ವಿಲಿಯಂ ಆಸ್ಲರ್‌ಗೆ ಆ ಜಠರ ಬೇಕಿತ್ತು. ಮನೆಯವರು ಕೊಡಲಿಲ್ಲ. ದೇಹ ಕೊಳೆಯುವವರೆಗೆ ಬೇಕಂತಲೇ ಮನೆಯಲ್ಲಿಟ್ಟುಕೊಂಡು, ಯಾರೂ ಅಗೆದು ತೆಗೆಯದ ಹಾಗೆ 8 ಅಡಿ ಆಳದಲ್ಲಿ ಹೂತರು. ಆ ಮನೆಯವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ದ್ವೀಪದ ಮಾರ್ಕೆಟ್ ಬೀದಿಯಲ್ಲಿ ಆ ಅಂಗಡಿಯನ್ನು ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ, ಬೋಮಾಂಟ್ ಹೆಸರಿನಲ್ಲೇ. ಹೋದಾಗ ಮಕ್ಕಳಿಗೆ ಇನ್ನೊಬ್ಬನ ಹೆಸರನ್ನೂ ಹೇಳಿ. ನಮ್ಮ ಕೂಟದ ವೈದ್ಯರಲ್ಲಿ ಒಂದು ಕೇಳಿಕೆ: ಇವತ್ತು ರೋಗಿಯಿಂದ ಒಪ್ಪಿಗೆ ಪಡೆಯುವುದು ಹೇಗೆ, ಭಾಷೆ ಬಾರದ, ದುಡ್ಡಿಲ್ಲದ ರೋಗಿ ಎದುರು ಕೂತಾಗ ಏನು ಮಾಡುತ್ತೀರಿ ಅಂತ ಎರಡು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ