ಖಾಲಿ ಎಂದು ಬರೆಯುವ ಮೊದಲು

ಪ್ರೀತಿಯ ಮಗಳೇ,

ಆಶೀರ್ವಾದಗಳು. ನೀನು ಕಳಿಸಿದ ಭೂಬಳಕೆಯ ನಕ್ಷೆ ತಲುಪಿತು. ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಗೆರೆಗಳು ಅಚ್ಚುಕಟ್ಟಾಗಿವೆ, ಅಳತೆ ಸರಿಯಾಗಿದೆ, ಹೊಲ, ತೋಟ, ಕಾಡು, ಮನೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿವೆ. ಮಿಕ್ಕಿದ್ದಕ್ಕೆಲ್ಲ ಬೂದು ಬಣ್ಣ ಬಳಿದು ‘ಬಳಕೆಯಲ್ಲಿಲ್ಲದ ಭೂಮಿ’ ಎಂದು ಬರೆದಿದ್ದೀಯಲ್ಲ, ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ನಕ್ಷೆಯ ಕಾಲು ಭಾಗವಾದರೂ ಇದೆ ಅದು. ಈ ಪತ್ರ ಪೂರ್ತಿ ಆ ಬೂದು ಬಣ್ಣದ ಬಗ್ಗೆಯೇ.

ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಕಡುಬೇಸಿಗೆಯಲ್ಲಿ ಸರ್ವೆಗೆ ಹೋದವನು ಒಣಗಿ ಬಿರುಕುಬಿಟ್ಟ ಒಂದು ಬಯಲನ್ನು ನೋಡಿ, ಹೆಚ್ಚು ಯೋಚಿಸದೆ ‘ಪಾಳು’ ಎಂದು ಗುರುತು ಹಾಕಿದೆ. ಮಳೆ ಬಿದ್ದ ಮೇಲೆ ಬೇರೇನೋ ಅಳತೆ ಬಿಟ್ಟುಹೋಗಿದೆ ಎಂದು ಮತ್ತೆ ಹೋದೆ. ಅದೇ ಬಯಲಲ್ಲಿ ದನ ಮೇಯುತ್ತಿದ್ದವು, ನಾಲ್ಕಾರು ಹೆಂಗಸರು ಹುಲ್ಲು ಕೊಯ್ದು ಹೊರೆ ಕಟ್ಟುತ್ತಿದ್ದರು. ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಏನು ಬರೆದಿದೆ ಎಂದು ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು. ಓದಿ ಹೇಳಿದೆ. ‘ಇದು ಪಾಳಾದರೆ ನಮ್ಮ ದನ ಇಷ್ಟು ವರ್ಷ ಮೇದದ್ದು ಎಲ್ಲಿ?’ ಎಂದಳು. ಅಷ್ಟರಲ್ಲಿ ನಕ್ಷೆಯ ಇನ್ನೊಂದು ಪ್ರತಿ ಕಚೇರಿ ಸೇರಿಯಾಗಿತ್ತು. ತಿದ್ದಿಸಲು ಓಡಾಡಿದೆ, ಆಗಲಿಲ್ಲ. ಆ ಒಂದು ಪದ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಭೂಮಿಯ ಹೊದಿಕೆ ಬೇರೆ, ಬಳಕೆ ಬೇರೆ ಎಂದು ನಿನಗೆ ಮೊದಲ ವರ್ಷವೇ ಪಾಠ ಆಗಿರುತ್ತದೆ. ಹುಲ್ಲಿದೆ, ಮರವಿದೆ, ಬರಿ ಮಣ್ಣಿದೆ ಎನ್ನುವುದು ಹೊದಿಕೆ. ಅದನ್ನು ಯಾರು, ಯಾವ ಹಂಗಾಮಿನಲ್ಲಿ, ಯಾತಕ್ಕೆ ಬಳಸುತ್ತಾರೆ ಎನ್ನುವುದು ಬಳಕೆ. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ನೆಲವನ್ನು ನೋಡುತ್ತಿವೆ; ಈಗಿನ ಚಿತ್ರಗಳಂತೂ ಹತ್ತು ಮೀಟರಿನ ತುಂಡನ್ನೂ ಬಿಡಿಸಿ ತೋರಿಸುತ್ತವೆ. ಆದರೂ ಉಪಗ್ರಹಕ್ಕೆ ಕಾಣುವುದು ಹೊದಿಕೆ ಮಾತ್ರ. ಬರಿ ಮಣ್ಣಿನ ಚೌಕವೊಂದು ಕೈಬಿಟ್ಟ ಹೊಲವೋ, ಮುಂದಿನ ಬೆಳೆಗೆ ಬೀಳು ಬಿಟ್ಟದ್ದೋ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? 1930ರ ದಶಕದಲ್ಲಿ ಭೂಗೋಳ ಶಾಸ್ತ್ರಜ್ಞ ಡಡ್ಲಿ ಸ್ಟ್ಯಾಂಪ್ ಬ್ರಿಟನ್ನಿನ ಭೂಬಳಕೆಯ ಸರ್ವೆ ಮಾಡಿಸಿದಾಗ ಹೊಲದಿಂದ ಹೊಲಕ್ಕೆ ನಡೆದು ಗುರುತು ಹಾಕಿದವರಲ್ಲಿ ಹೆಚ್ಚಿನವರು ಶಾಲೆಯ ಮೇಷ್ಟ್ರುಗಳು, ಮಕ್ಕಳು. ಅವರ ಕಾಲಿಗೆ ತಾಗಿದ್ದು ನಮ್ಮ ಪರದೆಗೆ ಬರುವುದಿಲ್ಲ.

ಬೀಳು ಭೂಮಿಯ ವಿಷಯಕ್ಕೆ ಬರುತ್ತೇನೆ, ನಿನ್ನ ಬೂದು ಬಣ್ಣದಲ್ಲಿ ಬಹುಪಾಲು ಅದೇ ಇರಬೇಕೆಂದು ನನ್ನ ಊಹೆ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1965ರಲ್ಲಿ ಬರೆದದ್ದನ್ನು ಪರೀಕ್ಷೆಗೆಂದು ಎರಡು ಸಾಲಿನಲ್ಲಿ ಓದಿ ಮುಗಿಸಬೇಡ. ಜನ ಹೆಚ್ಚಿದಂತೆ ಅನ್ನ ಸಾಲದೆ ಹೋಗುತ್ತದೆ ಎಂದು 1798ರಲ್ಲಿ ಮಾಲ್ಥಸ್ ಹೇಳಿದ್ದ. ಆಕೆ ಅದನ್ನು ಇನ್ನೊಂದು ತುದಿಯಿಂದ ಹಿಡಿದಳು: ಜನ ಹೆಚ್ಚಿದಾಗಲೇ ಬೇಸಾಯದ ರೀತಿ ಬದಲಾಗುತ್ತದೆ ಎಂದಳು. ಆ ಬದಲಾವಣೆಯನ್ನು ಅಳೆಯಲು ಆಕೆ ಹಿಡಿದ ಕೋಲು ಯಾವುದು ಗೊತ್ತೇ? ಬೀಳು ಬಿಡುವ ಅವಧಿ. ಒಂದೆರಡು ವರ್ಷ ಬಿತ್ತಿ ಇಪ್ಪತ್ತು, ಇಪ್ಪತ್ತೈದು ವರ್ಷ ಕಾಡಿಗೆ ಬಿಡುವುದು ಒಂದು ಕೊನೆ. ಆಮೇಲೆ ಆರರಿಂದ ಹತ್ತು ವರ್ಷದ ಪೊದೆ ಬೀಳು. ಆಮೇಲೆ ಒಂದೆರಡು ವರ್ಷದ್ದು. ಆಮೇಲೆ ಪ್ರತಿ ವರ್ಷ ಬೆಳೆ. ಕೊನೆಗೆ ವರ್ಷಕ್ಕೆ ಎರಡು ಮೂರು ಬೆಳೆ. ಬೀಳು ಕಿರಿದಾದಷ್ಟೂ ಕಳೆ ಕೀಳಬೇಕು, ಗೊಬ್ಬರ ಹೊರಬೇಕು, ನೀರು ಹಾಯಿಸಬೇಕು. ಅಂದರೆ ಬೀಳಿನಲ್ಲಿ ನೆಲ ತಾನಾಗಿ ಮಾಡಿಕೊಳ್ಳುತ್ತಿದ್ದ ಕೆಲಸವನ್ನೆಲ್ಲ ಮನುಷ್ಯ ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ. ಇಷ್ಟು ಕೆಲಸ ಮಾಡುವ ನೆಲವನ್ನು ಬಳಕೆಯಲ್ಲಿಲ್ಲ ಎನ್ನುವುದು ಹೇಗಮ್ಮಾ? ಯೂರೋಪಿನ ಹಳೆಯ ಮೂರು ಹೊಲದ ಪದ್ಧತಿಯಲ್ಲೂ ಸರದಿಯ ಮೇಲೆ ಒಂದು ಹೊಲ ಬೀಳು, ಅದರಲ್ಲಿ ಊರಿನ ದನಗಳ ಮೇವು, ಅವುಗಳ ಗೊಬ್ಬರದಿಂದ ಮುಂದಿನ ವರ್ಷದ ಫಸಲು.

ಇನ್ನು ಹುಲ್ಲುಗಾವಲು. ಜಗತ್ತಿನ ಕೃಷಿ ಭೂಮಿ ಸುಮಾರು 480 ಕೋಟಿ ಹೆಕ್ಟೇರ್. ಅದರಲ್ಲಿ ಬೆಳೆ ಬೆಳೆಯುವುದು ಮೂರನೇ ಒಂದು ಪಾಲು, ಮಿಕ್ಕ ಎರಡು ಪಾಲು ಮೇವಿನ ನೆಲ. ಉತ್ತ ಗೆರೆ ಕಾಣದ ಕಡೆ ಬೇಸಾಯವಿಲ್ಲ ಎಂದುಕೊಂಡರೆ ಆ ದೊಡ್ಡ ಪಾಲೇ ನಮ್ಮ ಕಣ್ಣಿಂದ ಜಾರಿಹೋಗುತ್ತದೆ.

‘ಒಂದು ಪದಕ್ಕೆ ದೊಡ್ಡಪ್ಪ ಇಷ್ಟೊಂದು ಹೇಳಬೇಕೇ’ ಎಂದು ನಿನಗೆ ಅನ್ನಿಸಬಹುದು. ಆ ಪದ ಏನೇನು ಮಾಡಿದೆ ನೋಡು. ಇಂಗ್ಲೆಂಡಿನಲ್ಲಿ 1604ರಿಂದ 1914ರವರೆಗೆ ಐದು ಸಾವಿರದ ಇನ್ನೂರಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ಬಯಲು ಹೊಲಗಳಿಗೂ ಸಾಮೂಹಿಕ ನೆಲಕ್ಕೂ ಬೇಲಿ ಬಿತ್ತು. ಒಂದು ಹಸು ಮೇಯಿಸಿ, ಒಂದು ಹೊರೆ ಸೌದೆ ತಂದು ಬದುಕುತ್ತಿದ್ದ ಎಷ್ಟೋ ಬಡವರಿಗೆ ಆಮೇಲೆ ಉಳಿದದ್ದು ಕೂಲಿ. ಅಮೆರಿಕದಲ್ಲಿ 1785ರ ಭೂ ಸುಗ್ರೀವಾಜ್ಞೆ ನೆಲವನ್ನು ಆರು ಮೈಲಿಯ ಚೌಕಗಳಾಗಿ, ಒಂದೊಂದು ಚೌಕವನ್ನು 640 ಎಕರೆಯ 36 ತುಂಡುಗಳಾಗಿ ಕತ್ತರಿಸಿತು. ಅಲ್ಲಿ ಮೊದಲೇ ಬೇಟೆಯಾಡಿ, ಬಿತ್ತಿ ಬಾಳುತ್ತಿದ್ದ ಮೂಲನಿವಾಸಿಗಳ ಗುರುತು ಆ ಚೌಕಗಳಲ್ಲಿ ಇರಲಿಲ್ಲ. 1954ರಲ್ಲಿ ಸೋವಿಯತ್ ಸರ್ಕಾರ ಕಜಕ್‌ಸ್ತಾನದ ಹುಲ್ಲುಬಯಲನ್ನು ‘ಕನ್ನೆನೆಲ’ ಎಂದು ಕರೆದು ಗೋಧಿಗಾಗಿ ಉಳುಮೆ ಮಾಡಿಸಿತು. ಕಜಕ್ ಪಶುಪಾಲಕರ ಹಿಂಡುಗಳು ತಲೆಮಾರುಗಳಿಂದ ಮೇದಿದ್ದ ಬಯಲು ಅದು. 1956ರಲ್ಲಿ ಭಾರಿ ಫಸಲು ಬಂತು. 1960ರ ದಶಕದ ಮೊದಲ ವರ್ಷಗಳಲ್ಲೇ ಬೇರಿನ ಹಿಡಿತ ತಪ್ಪಿದ ಮಣ್ಣು ಧೂಳಾಗಿ ಗಾಳಿಗೆ ಎದ್ದಿತು.

ಪೇಟೆಯಿಂದ ದೂರ ಹೋದಂತೆ ಭೂಬಳಕೆ ಸುತ್ತುಸುತ್ತಾಗಿ ಹೇಗೆ ಬದಲಾಗುತ್ತದೆ ಎಂದು ತೋರಿಸುವ ವಾನ್ ಥ್ಯೂನೆನ್ನನ ವರ್ತುಲಗಳನ್ನು ಕಂಠಪಾಠ ಮಾಡಿ ಬೇಸರ ಬಂದಿದೆ ಎಂದು ಬರೆದಿದ್ದೀಯ. ವರ್ತುಲಗಳನ್ನು ಪಕ್ಕಕ್ಕಿಟ್ಟು ಆ ಮನುಷ್ಯನನ್ನು ನೋಡು. ಅವನು 1826ರಲ್ಲಿ ಅದನ್ನು ಪ್ರಕಟಿಸುವ ಮೊದಲು ಮೆಕ್ಲೆನ್‌ಬರ್ಗಿನ ಟೆಲ್ಲೊದಲ್ಲಿ ಸ್ವಂತ ಜಮೀನು ಮಾಡಿಸುತ್ತ ವರ್ಷಗಟ್ಟಲೆ ಲೆಕ್ಕ ಬರೆದಿಟ್ಟವನು. ಪೇಟೆಗೆ ಧಾನ್ಯ ಎಳೆಯುವ ಕುದುರೆ ದಾರಿಯಲ್ಲಿ ತಿನ್ನುವ ಧಾನ್ಯವನ್ನೂ ಎಣಿಸಿದ್ದ. ಹಾಲು ತರಕಾರಿಯ ನಂತರದ ವರ್ತುಲದಲ್ಲೇ ಕಾಡನ್ನು ಇಟ್ಟದ್ದು ಸೌದೆ ಭಾರ ಎಂಬ ಕಾರಣಕ್ಕೆ; ಅವನ ಕಾಡು ಬಳಕೆಯ ಭೂಮಿ, ನೆನಪಿರಲಿ. ಎಲ್ಲ ಕಡೆ ಒಂದೇ ಮಣ್ಣು, ಒಂದೇ ಪೇಟೆ ಎನ್ನುವುದು ಲೆಕ್ಕ ಶುರು ಮಾಡಲು ಅವನೇ ಇಟ್ಟುಕೊಂಡ ಊಹೆ, ನದಿಯೊಂದು ಹರಿದರೆ ವರ್ತುಲ ಹೇಗೆ ಹಿಗ್ಗುತ್ತದೆ ಎಂದೂ ಅವನೇ ತೋರಿಸಿದ. ಕೂಲಿಯವನಿಗೆ ನ್ಯಾಯವಾಗಿ ಎಷ್ಟು ಸಲ್ಲಬೇಕು ಎಂದು ಅವನು ಕಂಡುಕೊಂಡ ಸೂತ್ರವನ್ನು ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅದು ತಿಳಿದ ಮೇಲೆ.

ಹಾಗಾಗಿ ಮತ್ತೆ ಹೊರಡು. ಬೇರೊಂದು ಹಂಗಾಮಿನಲ್ಲಿ ಹೋಗು. ಜಮೀನಿನ ಒಡೆಯರನ್ನಷ್ಟೇ ಕೇಳಿ ಬರಬೇಡ. ದಾಖಲೆಯಲ್ಲಿ ಹೆಸರಿಲ್ಲದವರನ್ನು ಕೇಳು: ಗೇಣಿಗೆ ಉಳುವವರು, ಹುಲ್ಲು ಸೌದೆ ತರುವ ಹೆಂಗಸರು, ದನ ಕಾಯುವ ಹುಡುಗರು. ಯಾವ ತಿಂಗಳು ಬರುತ್ತಾರೆ, ಏನು ಒಯ್ಯುತ್ತಾರೆ, ಬರಗಾಲದ ವರ್ಷ ಅಲ್ಲಿಗೆ ಬೇರೆ ಯಾರು ಬರುತ್ತಾರೆ ಎಂದು ಬರೆದುಕೋ. ನಿಜಕ್ಕೂ ಯಾರೂ ಬಳಸದ ತುಂಡು ಸಿಕ್ಕಿದರೆ ಅದನ್ನು ಬೂದಾಗಿಯೇ ಬಿಡು, ಆದರೆ ಯಾಕೆ ಬಿಟ್ಟುಹೋದರು ಎಂದು ಪಕ್ಕದಲ್ಲಿ ಒಂದು ಸಾಲು ಇರಲಿ.

ನಿನ್ನ ನಕ್ಷೆಯನ್ನು ಮಡಚದೆ ಸುರುಳಿ ಸುತ್ತಿ ಇಟ್ಟಿದ್ದೇನೆ. ಹೊಸದು ಬಂದ ದಿನ ಎರಡನ್ನೂ ಪಕ್ಕಪಕ್ಕ ಹರಡಿ ನೋಡುತ್ತೇನೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ನಡೆ.

ಇಂತಿ,
ನಿನ್ನ ದೊಡ್ಡಪ್ಪ