ಅಪ್ಪನಿಗೆ, ವರ್ಜೀನಿಯಾದಿಂದ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಅಮ್ಮ ಕಳಿಸಿದ ಕಾಫಿಪುಡಿ ತಲುಪಿತು. ಡಬ್ಬದ ಮುಚ್ಚಳ ತೆಗೆದ ಕೂಡಲೇ ಸೋಮವಾರಪೇಟೆಯ ಮನೆ ಕಣ್ಣ ಮುಂದೆ ಬಂತು. ಅಲ್ಲಿ ಮಳೆ ಜಾಸ್ತಿಯಂತೆ. ನಿಮ್ಮ ಎಡಗಾಲು ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನಿಲ್ಲ" ಅಂತೀರಿ. ಅದಕ್ಕೇ ಕಾಗದ ಬರೆಯಲು ಕೂತೆ.

ನಾನು ಫಿಸಿಯೋಥೆರಪಿ ಮಾಡುವ ಕ್ಲಿನಿಕ್ಕಿಗೆ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರು ಬರುತ್ತಾರೆ. ಒಬ್ಬನಿಗೆ ಇನ್ನೂ ನಲವತ್ತಾಗಿಲ್ಲ. ಗುಂಡು ತಗುಲಿಲ್ಲ, ಕೈಕಾಲು ನೆಟ್ಟಗಿವೆ. ಆದರೆ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಅವನಿದ್ದ ಶಿಬಿರದಲ್ಲಿ ಕಸವನ್ನೆಲ್ಲ ದೊಡ್ಡ ಗುಂಡಿಗೆ ಹಾಕಿ, ವಿಮಾನದ ಇಂಧನ ಸುರಿದು ಸುಡುತ್ತಿದ್ದರಂತೆ. ಪ್ಲಾಸ್ಟಿಕ್, ಟೈರು, ಬ್ಯಾಟರಿ, ಆಸ್ಪತ್ರೆಯ ಕಸ, ಏನೂ ಬಿಡದೆ. ಆ ಹೊಗೆಯ ಪಕ್ಕದಲ್ಲೇ ಊಟ, ಅಲ್ಲೇ ನಿದ್ದೆ. ಹೀಗೆ ಹೊಗೆ ಕುಡಿದವರಿಗೆ ಸರ್ಕಾರದ ಚಿಕಿತ್ಸೆ ಸುಲಭವಾಗಿ ಸಿಗುವ ಕಾನೂನು ಬಂದದ್ದು 2022ರಲ್ಲಿ. ಕಾಬೂಲ್ ತಾಲಿಬಾನ್ ಕೈಗೆ ಹೋಗಿ ಆಗಲೇ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ನೆನಪಿದೆಯಾ, 2021ರ ಆಗಸ್ಟ್ 15. ನೀವು ಶಾಲೆಯಲ್ಲಿ ಬಾವುಟ ಹಾರಿಸಿ ಬಂದು ಟಿವಿ ಮುಂದೆ ಕೂತಿದ್ದಿರಿ.

ಆ ಯುದ್ಧ 20 ವರ್ಷ ನಡೆಯಿತು. ಅದಕ್ಕಾಗಿ ಇಲ್ಲಿನವರ ಮೇಲೆ ಹೊಸ ತೆರಿಗೆ ಬೀಳಲಿಲ್ಲ. 2003ರಲ್ಲಿ ಇರಾಕಿಗೂ ಸೈನ್ಯ ನುಗ್ಗಿದ ಮೇಲೆ ತೆರಿಗೆಯನ್ನು ಇಳಿಸಿದರು! ಹಣವೆಲ್ಲ ಸಾಲದ್ದು. ಅಫ್ಘಾನಿಸ್ತಾನಕ್ಕೇ ಸುಮಾರು 2.3 ಲಕ್ಷ ಕೋಟಿ ಡಾಲರ್ ಆಯಿತೆಂದು ಬ್ರೌನ್ ವಿಶ್ವವಿದ್ಯಾಲಯದವರು 2021ರಲ್ಲಿ ಲೆಕ್ಕ ಹಾಕಿದರು. ಮುಂದೆ ಕಟ್ಟಬೇಕಾದ ಬಡ್ಡಿ, ಗಾಯಾಳುಗಳ ಮುಂದಿನ ಔಷಧ, ಪಿಂಚಣಿ ಇದರಲ್ಲಿ ಸೇರಿಲ್ಲ. ಕಾಫಿಗೆ ಬೆಲೆ ಬಿದ್ದ ವರ್ಷ ತಗೊಂಡ ಸಾಲ ನಮ್ಮನ್ನು ಎಷ್ಟು ವರ್ಷ ಕಾಡಿತು ಅಂತ ನಿಮಗೆ ಗೊತ್ತಲ್ಲ. ಇದೂ ಹಾಗೇ. ಇಲ್ಲಿನ ಅಂತರ್ಯುದ್ಧ 1865ರಲ್ಲೇ ಮುಗಿಯಿತು. ಅದರಲ್ಲಿ ಹೋರಾಡಿದ ಒಬ್ಬ ಸಿಪಾಯಿಯ ಮಗಳಿಗೆ 2020ರಲ್ಲಿ ಸಾಯುವವರೆಗೂ ತಿಂಗಳಿಗೆ 73 ಡಾಲರ್ ಪಿಂಚಣಿ ಬರುತ್ತಿತ್ತು. ಅದನ್ನು ಓದಿದಾಗ ನನಗೆ ನೀವೇ ನೆನಪಾದಿರಿ.

ನಮ್ಮ ಕೆಳಗಿನ ಮನೆಯಲ್ಲಿ ಒಂದು ಅಫ್ಘನ್ ಸಂಸಾರವಿದೆ. ಆತ ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿದ್ದ. ಈಗ ರಾತ್ರಿ ಟ್ಯಾಕ್ಸಿ ಓಡಿಸುತ್ತಾನೆ. ಅವನ ತಮ್ಮ ಅಫ್ಘನ್ ಸೈನ್ಯದಲ್ಲಿದ್ದು ಸತ್ತ. ಅಲ್ಲಿ ಸತ್ತ ಅಮೆರಿಕನ್ ಸೈನಿಕರು 2,400ಕ್ಕೂ ಹೆಚ್ಚು. ಒಬ್ಬೊಬ್ಬರ ಹೆಸರೂ ಇಲ್ಲಿ ದಾಖಲಾಗಿದೆ. ಅಫ್ಘನ್ ಸೈನಿಕರು, ಪೊಲೀಸರು 66,000ಕ್ಕೂ ಹೆಚ್ಚು, ಸಾಮಾನ್ಯ ಜನ 46,000ಕ್ಕೂ ಹೆಚ್ಚು ಅಂತ ಬ್ರೌನ್‌ನವರ ಅದೇ ಲೆಕ್ಕದಲ್ಲಿದೆ. ಸತ್ತ ಆ ತಮ್ಮನ ತಾಯಿಗೆ ಪಿಂಚಣಿ ಕೊಡುವ ಸರ್ಕಾರವೇ ಈಗ ಇಲ್ಲ. ಆಕೆ ಮಗನ ಫೋಟೋ ತೋರಿಸಿದಾಗ ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ ಕೈ ಹಿಡಿದು ಕೂತೆ.

ಅಪ್ಪ, ಹೋದ ವಾರ ಆ ಏದುಸಿರಿನ ಸೈನಿಕ ಒಂದು ಮಾತು ಹೇಳಿದ. ಅಲ್ಲಿ ನಡೆಯುವಾಗ ಮುಂದಿನವನ ಹೆಜ್ಜೆ ಮೇಲೇ ಹೆಜ್ಜೆ ಇಡುತ್ತಿದ್ದರಂತೆ, ನೆಲಬಾಂಬಿನ ಭಯಕ್ಕೆ. ಈಗಲೂ ಹುಲ್ಲು ಕಂಡರೆ ಕಾಲು ತಾನಾಗಿ ನಿಲ್ಲುತ್ತದಂತೆ. ನನ್ನ ಕೈ ಅಲ್ಲೇ ನಿಂತಿತು. ತೋಟದಲ್ಲಿ ನೀವು ನನಗೆ ಹೇಳುತ್ತಿದ್ದದ್ದೂ ಅದೇ ಅಲ್ವಾ? "ನನ್ನ ಹೆಜ್ಜೆ ಮೇಲೇ ಕಾಲಿಡು ಮಗ, ಆಚೀಚೆ ಹೋಗಬೇಡ." ಹಾವಿನ ಭಯಕ್ಕೆ ಅಂದುಕೊಂಡಿದ್ದೆ. ಶ್ರೀಲಂಕಾದ ಜಾಫ್ನಾದಿಂದ, ಸೈನ್ಯದ ಕೆಲಸ ಮುಗಿಸಿ ನೀವು ಬಂದಾಗ ನನಗೆ ನಾಲ್ಕು ವರ್ಷ. 1987ರಿಂದ 1990ರವರೆಗೆ ಶಾಂತಿ ಕಾಯಲು ಅಲ್ಲಿಗೆ ಹೋದ ನಮ್ಮ ದೇಶದ ಸೈನಿಕರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ನಿಮ್ಮ ಗೆಳೆಯರು ಯಾರಿದ್ದರು? ನಾನು ಒಮ್ಮೆಯೂ ಕೇಳಲಿಲ್ಲ. ನೀವೂ ಹೇಳಲಿಲ್ಲ. ಈ ಊರಿನ ಅಪರಿಚಿತರ ಕಥೆ ದಿನವಿಡೀ ಕೇಳುವ ನಾನು ನಿಮ್ಮದನ್ನು ಕೇಳದೆ ಇಷ್ಟು ವರ್ಷ ಕಳೆದೆ.

ಜೂನ್‌ನಲ್ಲಿ ಬರುತ್ತೇನೆ. ನಿಮಗೆ ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ಬೇಡ. ಹೇಗೂ ತೋಟಕ್ಕೆ ಜೊತೆಯಾಗಿ ಹೋಗೋಣ.

ಅಷ್ಟರಲ್ಲಿ ಮಾಜಿ ಸೈನಿಕರ ಚಿಕಿತ್ಸೆಗೆಂದು ಕೊಟ್ಟ ಆ ಇಸಿಎಚ್‌ಎಸ್ ಕಾರ್ಡನ್ನು ಬೀರುವಿನಿಂದ ತೆಗೆಯಿರಿ. ಯಾರಿಗೂ ಭಾರ ಅಂದುಕೊಳ್ಳಬೇಡಿ, ಅದು ನಿಮಗೆ ಬರಬೇಕಾದ್ದು. ಅಮ್ಮನ ಜೊತೆ ಹೋಗಿ ಮಂಡಿಯ ಎಕ್ಸ್‌ರೇ ತೆಗೆಸಿ, ಫೋಟೋ ನನಗೆ ಕಳಿಸಿ.

ನಿಮ್ಮ ಮಗಳು